ನಿಮ್ಮ ಬಾಲ್ಯದ ಟೀವಿ ಯಾವ ಊರಿನದು?

ನಲವತ್ತು ದಾಟಿದ ನಾಲ್ಕು ಜನ ಮದುವೆಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತರೆ, ಮಳೆಬೆಳೆ, ಮಕ್ಕಳ ಓದು ಎಲ್ಲ ಮುಗಿದ ಮೇಲೆ ಮಾತು ಹಳೇ ಟೀವಿಯ ಕಡೆ ತಿರುಗುವುದು ಹೆಚ್ಚುಕಡಿಮೆ ಖಾತ್ರಿ. ಭಾನುವಾರದ ರಾಮಾಯಣ, ಆಗುಂಬೆಯ ಸ್ವಾಮಿ, ಗುಡ್ಡದ ಭೂತ, ಹೀಗೆ ಒಬ್ಬರು ಒಂದನ್ನು ಎತ್ತಿದರೆ ಪಕ್ಕದವರು ಇನ್ನೊಂದನ್ನು ಸೇರಿಸುತ್ತಾರೆ. ಪಾಯಸ ಬರುವ ಹೊತ್ತಿಗೆ ‘ಈಗಿನವೂ ಇವೆ, ಏನು ಪ್ರಯೋಜನ’ ಅನ್ನುವ ತೀರ್ಪೂ ಬಂದಿರುತ್ತದೆ. ಅಂಥ ಕಡೆ ನಾನು ಕೇಳುವ ಪ್ರಶ್ನೆ ಒಂದೇ: ಆಗ ನೀವು ಇದ್ದದ್ದು ಯಾವ ಊರಲ್ಲಿ? ಊರು ಗೊತ್ತಾದರೆ ಅವರು ಯಾವ ಕಾರ್ಯಕ್ರಮ ನೆನೆದು ಕಣ್ಣರಳಿಸುತ್ತಾರೆ ಎಂಬುದನ್ನು ಅರ್ಧ ಊಹಿಸಬಹುದು. ಬಾಲ್ಯದ ಟೀವಿಯನ್ನು ನಾವೇ ಮೆಚ್ಚಿ ಆರಿಸಿಕೊಂಡೆವು ಅಂದುಕೊಂಡಿರುತ್ತೇವೆ. ನಿಜವಾಗಿ ಆರಿಸಿದ್ದು ಟವರ್. ಅದು ಯಾವ ವರ್ಷ ಎದ್ದಿತು, ಎಷ್ಟು ದೂರ ಮುಟ್ಟುತ್ತಿತ್ತು, ಅದಕ್ಕೂ ನಮ್ಮೂರಿಗೂ ನಡುವೆ ಯಾವ ಗುಡ್ಡ ಅಡ್ಡ ಇತ್ತು ಅನ್ನುವುದೇ ನಮ್ಮ ನೆನಪಿನ ಪಟ್ಟಿಯನ್ನು ಬರೆದಿದೆ.

ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ನಂತರ ಮುಂಬಯಿ, ಕೋಲ್ಕತ್ತ, ಮದ್ರಾಸಿಗೆ ಬಂತು. ಕರ್ನಾಟಕಕ್ಕೆ ಬಂದಾಗ ಮಾತ್ರ ಅದು ರಾಜಧಾನಿಯನ್ನು ಬಿಟ್ಟು ಹಳ್ಳಿಗೆ ಇಳಿಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ನಡೆಸಿದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ಅದು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟೀವಿ ಇಟ್ಟರು. ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನ ಮಂದಿ ಟೀವಿಯನ್ನು ಪತ್ರಿಕೆಯ ಚಿತ್ರದಲ್ಲಷ್ಟೇ ನೋಡುತ್ತಿದ್ದ ಕಾಲದಲ್ಲಿ ರಾಯಚೂರು ಸೀಮೆಯ ಶಾಲೆಯ ಮಕ್ಕಳು ಆಕಾಶದಿಂದ ನೇರ ಇಳಿದ ಕನ್ನಡ ಪಾಠ ನೋಡುತ್ತಿದ್ದರು.

ಆ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಶಾಲೆಯ ಮಗ್ಗುಲಲ್ಲಿ ಹತ್ತು ಅಡಿ ಅಗಲದ ಬುಟ್ಟಿಯಾಕಾರದ ಆಂಟೆನಾ. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವ ತಂತಿ ಬಲೆ. ಕರೆಂಟು ಇಲ್ಲದ ಊರಲ್ಲಿ ಬ್ಯಾಟರಿ. ಬೆಳಿಗ್ಗೆ ಒಂದೂವರೆ ತಾಸು ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಹಾಡು, ನಾಟಕ. ಕನ್ನಡ, ತೆಲುಗು ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಅನುಕೂಲ ಉಪಗ್ರಹದಲ್ಲಿತ್ತು. ಹಾಗಾಗಿ ಒಂದೇ ದೃಶ್ಯ ಒಂದು ಊರಿನಲ್ಲಿ ಒಂದು ಭಾಷೆ, ಇನ್ನೊಂದು ಊರಿನಲ್ಲಿ ಬೇರೆ ಭಾಷೆ ಮಾತಾಡಬಲ್ಲದಾಗಿತ್ತು. ಒಂದು ವರ್ಷ ತುಂಬಿತು, ಉಪಗ್ರಹವನ್ನು ನಾಸಾ ವಾಪಸ್ ತೆಗೆದುಕೊಂಡಿತು, ಆಕಾಶದ ಪಾಠ ನಿಂತಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂದ ಮೇಲೆ ಆ ಭಾಗದ ಕೆಲವು ಹಳ್ಳಿಗಳಿಗೆ ಟೀವಿ ಮರಳಿತು. ಬೆಂಗಳೂರಿನ ಸರದಿ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ.

ಬೆಂಗಳೂರಿನವರ ನೆನಪು ಶುರುವಾಗುವುದು ಅಲ್ಲಿಂದ. 1982ರ ಆಗಸ್ಟ್ 15ಕ್ಕೆ ಬಣ್ಣದ ಪ್ರಸಾರ ಬಂತು, ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ. ಆದರೆ ಬಣ್ಣದ ಸೆಟ್ಟು ಕೊಳ್ಳುವ ತಾಕತ್ತು ಬೀದಿಗೊಬ್ಬರಿಗೆ. ಉಳಿದವರ ಮನೆಗೆ ಬಂದದ್ದು ಮರದ ಷಟರ್ ಎಳೆದು ಬೀಗ ಹಾಕುವ ಕಪ್ಪುಬಿಳುಪು ಡಯನೋರಾ, ಸಾಲಿಡೇರ್. ಅದರ ಮುಂದೆ ಕೆಲವರು ಒಂದು ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದರು: ಮೇಲೆ ನೀಲಿ, ನಡುವೆ ನಸುಗೆಂಪು, ಕೆಳಗೆ ಹಸಿರು. ಆಕಾಶ, ಮುಖ, ಹುಲ್ಲು ಅಂತ ಲೆಕ್ಕ. ವಾರ್ತೆ ಓದುವವರ ತಲೆಗೂದಲು ನೀಲಿಯಾಗಿ, ಸೀರೆ ಯಾವುದಾದರೂ ಹಸಿರೇ ಆಗಿ ಕಾಣುತ್ತಿತ್ತು. ರೇಡಿಯೋದ ಹಾಗೆ ಟೀವಿಗೂ ಲೈಸೆನ್ಸ್ ಇತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕಿತ್ತು. ದಶಕದ ಮಧ್ಯದಲ್ಲಿ ಅದು ರದ್ದಾಯಿತು.

ಜಿಲ್ಲೆ, ತಾಲ್ಲೂಕುಗಳಿಗೆ ಟೀವಿ ಹಬ್ಬಿದ್ದು 1984ರ ಸುಮಾರಿಗೆ. ಇನ್ಸಾಟ್ ಉಪಗ್ರಹದಿಂದ ದೆಹಲಿಯ ಕಾರ್ಯಕ್ರಮ ಇಳಿಸಿಕೊಂಡು ಸುತ್ತಲಿಗೆ ಹರಡುವ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್‌ಗಳನ್ನು ದೇಶದಾದ್ಯಂತ ಭರದಿಂದ ನಿಲ್ಲಿಸಿದರು. ಅವು ಮುಟ್ಟುತ್ತಿದ್ದದ್ದು ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಬಯಲುಸೀಮೆಯಲ್ಲಿ ಅಷ್ಟು ಸಾಕು. ಮಲೆನಾಡಿನಲ್ಲಿ ಸಾಲದು. ಅಲ್ಲಿ ಅಡಿಕೆ ಮರವನ್ನೋ ಬಿದಿರನ್ನೋ ನೆಟ್ಟು, ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟಿ, ಬೂಸ್ಟರ್ ಹಚ್ಚಿ, ಒಬ್ಬ ಅಂಗಳದಲ್ಲಿ ನಿಂತು ತಿರುಗಿಸಬೇಕು. ಒಳಗಿನಿಂದ ಕೂಗು: ‘ಬಂತು, ಬಂತು... ಹೋಯ್ತಲ್ಲೋ! ಮೊದಲಿದ್ದ ಹಾಗೇ ಬಿಡೋ!’ ಟವರಿನಿಂದ ನೇರ ಬಂದ ಅಲೆಯ ಹಿಂದೆಯೇ ಗುಡ್ಡಕ್ಕೆ ಬಡಿದು ಸುತ್ತಿಬಂದ ಅಲೆಯೂ ಬಂದು ಸೇರುತ್ತಿತ್ತು. ಆಗ ಪರದೆಯ ಮೇಲೆ ಒಬ್ಬ ರಾಮ, ಅವನ ಬಲಕ್ಕೆ ಮಸುಕಾದ ಇನ್ನೊಬ್ಬ ರಾಮ. ಬಯಲುಸೀಮೆಯವರ ರಾಮಾಯಣದಲ್ಲಿ ಇಲ್ಲದ ಈ ಎರಡನೇ ರಾಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದ್ದ.

ಆ ರಾಮಾಯಣ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ನಡೆಯಿತು. ಆಮೇಲೆ 1988ರ ಅಕ್ಟೋಬರ್ 2ರಿಂದ ಬಿ.ಆರ್. ಚೋಪ್ರಾ ಅವರ ಮಹಾಭಾರತ, 94 ಕಂತು. ಇವೆರಡಕ್ಕೂ ಮೊದಲು 1984ರಲ್ಲಿ ಶುರುವಾದ ‘ಹಮ್ ಲೋಗ್’ ದೇಶಕ್ಕೆ ಧಾರಾವಾಹಿಯ ರುಚಿ ಹತ್ತಿಸಿತ್ತು. ಎಲ್ಲವೂ ಹಿಂದಿ. ಹಿಂದಿ ಬಾರದ ಮನೆಯಲ್ಲಿ ಪರೀಕ್ಷೆಗಾಗಿ ಹಿಂದಿ ಕಲಿಯುತ್ತಿದ್ದ ಹುಡುಗಿಯೇ ಅಜ್ಜಿಗೆ ದುಭಾಷಿ. ಕಥೆ ಅಜ್ಜಿಗೆ ಮೊದಲೇ ಗೊತ್ತು, ಹುಡುಗಿಗೆ ಮಾತು ಅಷ್ಟಿಷ್ಟು ಗೊತ್ತು. ಹುಡುಗಿ ಒಂದು ಮಾತು ತಪ್ಪಿಸಿದರೆ ಅಜ್ಜಿ ಗದುಗಿನ ಭಾರತದ ಬಲದಿಂದ ಅದನ್ನು ತಿದ್ದುತ್ತಿದ್ದರು. ಇಬ್ಬರೂ ಸೇರಿ ನೋಡಿದ ಆ ಮಹಾಭಾರತ ದೆಹಲಿಯಲ್ಲಿ ಪ್ರಸಾರವಾದದ್ದಂತೂ ಅಲ್ಲ.

ಕನ್ನಡಕ್ಕೆ ಸಿಗುತ್ತಿದ್ದದ್ದು ಸಂಜೆಯ ಸ್ವಲ್ಪ ಹೊತ್ತು. ರಾಷ್ಟ್ರೀಯ ಜಾಲ ಶುರುವಾಯಿತೆಂದರೆ ಕನ್ನಡ ಮುಗಿಯಿತು. ಆ ಇಕ್ಕಟ್ಟಿನಲ್ಲೇ ‘ಸಿಹಿ ಕಹಿ’ ಬಂತು. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಇಬ್ಬರ ಹೆಸರಿಗೂ ಆ ಶೀರ್ಷಿಕೆ ಇವತ್ತಿಗೂ ಅಂಟಿಕೊಂಡಿದೆ. ತೊಂಬತ್ತರ ದಶಕದ ಆರಂಭದಲ್ಲಿ ಸದಾನಂದ ಸುವರ್ಣ ಅವರ ‘ಗುಡ್ಡದ ಭೂತ’ ಕರಾವಳಿಯ ಹಳ್ಳಿ, ಕತ್ತಲೆ, ಭಯವನ್ನು ಮನೆಯೊಳಗೆ ತಂದಿತು. ಸಿನಿಮಾದಲ್ಲಿ ಇನ್ನೂ ದೊಡ್ಡ ಹೆಸರಾಗಿರದ ಪ್ರಕಾಶ್ ರೈ ಅದರಲ್ಲಿದ್ದರು.

ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಕಥೆ ಇನ್ನೂ ಸ್ವಾರಸ್ಯ. ಮೈಸೂರಿನ ಆರ್.ಕೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ. ಚಿತ್ರೀಕರಣ ಆಗುಂಬೆಯಲ್ಲಿ, ರೈಲು ನಿಲ್ದಾಣಕ್ಕೆ ಶಿವಮೊಗ್ಗ ಜಿಲ್ಲೆಯ ಅರಸಾಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಎಲ್ಲ ನಮ್ಮವರೇ, ಆದರೆ ಮಾತು ಹಿಂದಿ. ಕನ್ನಡಿಗರು ಅತಿ ಹೆಚ್ಚು ‘ನಮ್ಮದು’ ಅಂದುಕೊಂಡ ಧಾರಾವಾಹಿ ಆಗ ಕನ್ನಡ ಮಾತಾಡಲಿಲ್ಲ. ಆದರೂ ಹೆಂಚಿನ ಮಾಡು, ಜಗುಲಿ, ಮಳೆಯಲ್ಲಿ ನೆನೆದ ಬೀದಿ ಕಂಡ ಕೂಡಲೇ ನಮ್ಮ ಜನ ಭಾಷೆಯ ತಕರಾರನ್ನು ಬದಿಗಿಟ್ಟರು.

ಟವರಿನ ದರ್ಬಾರು ಮುಗಿದದ್ದು ತೊಂಬತ್ತರ ದಶಕದಲ್ಲಿ. 1994ರಲ್ಲಿ ಉದಯ ಟೀವಿ, 2000ದಲ್ಲಿ ಈಟೀವಿ ಕನ್ನಡ. ಕೇಬಲ್ ಬಂದ ಮೇಲೆ ಗುಡ್ಡದ ಅಡ್ಡಿ ಹೋಯಿತು. 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ದೂರದರ್ಶನಕ್ಕೆ ಮಾಡಿದ ‘ಮಾಯಾಮೃಗ’ ಬೀದರಿಗೂ ಚಾಮರಾಜನಗರಕ್ಕೂ ಒಂದೇ ಹೊತ್ತಿಗೆ ತಲುಪಿತು. 2002ರಲ್ಲಿ ಶುರುವಾದ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಸರಿಯುತ್ತರಕ್ಕೆ ಪುಸ್ತಕ ಕೊಟ್ಟು ಒಂದು ತಲೆಮಾರನ್ನೇ ಬೆಳೆಸಿತು. ಅಲ್ಲಿಂದ ಮುಂದಿನವರ ಹಂಬಲವನ್ನು ಊರು ಕೇಳಿ ಊಹಿಸಲಾಗದು. ಅವರ ವಯಸ್ಸು ಕೇಳಬೇಕು.

ಹಾಗಾದರೆ ಆ ಹಳೆಯವು ನಿಜಕ್ಕೂ ಅಷ್ಟು ಚೆನ್ನಾಗಿದ್ದವೇ? ಕೆಲವು ಇದ್ದವು. ಆದರೆ ‘ಕೃಷಿದರ್ಶನ’ವನ್ನೂ, ‘ತಡೆಗಾಗಿ ಕ್ಷಮಿಸಿ’ ಎಂಬ ಫಲಕವನ್ನೂ ನಾವು ಅಷ್ಟೇ ಪ್ರೀತಿಯಿಂದ ನೆನೆಯುತ್ತೇವೆ. ಅದಕ್ಕೆ ಗುಣ ಕಾರಣವಲ್ಲ. ಬೇರೆ ಚಾನೆಲ್ ಇರಲಿಲ್ಲ, ಬಂದದ್ದನ್ನೆಲ್ಲ ನೋಡಿದೆವು, ಊರಿಗೆ ಊರೇ ಅದನ್ನೇ ನೋಡಿತು. ಮರುದಿನ ಶಾಲೆಯಲ್ಲಿ, ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ನೋಡಿದ್ದು ಅರ್ಧ ತಾಸು, ಮಾತಾಡಿದ್ದು ವಾರವಿಡೀ. ನೆನಪು ಗಟ್ಟಿಯಾದದ್ದು ಆ ಮಾತಿನಲ್ಲಿ. 2020ರ ಲಾಕ್‌ಡೌನಿನಲ್ಲಿ, ಮಾರ್ಚ್ 28ರಿಂದ ರಾಮಾಯಣ ಮರುಪ್ರಸಾರವಾದಾಗ ಇದು ಮತ್ತೆ ಕಂಡಿತು. ಏಪ್ರಿಲ್ 16ರಂದು 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ಹೊರಗೆ ಕಾಲಿಡುವಂತಿರದ ದಿನಗಳಲ್ಲಿ ದೇಶಕ್ಕೆ ಮತ್ತೆ ಒಂದೇ ಮಾತಿನ ವಿಷಯ ಸಿಕ್ಕಿತ್ತು.

ಹಳೇ ಟೀವಿಯ ಈ ಹಂಬಲಕ್ಕೆ ಒಂದು ಕುರುಡುತನವೂ ಇದೆ. ಅದು ತನ್ನ ಟವರಿನಾಚೆ ನೋಡುವುದಿಲ್ಲ. ನಮ್ಮ ನೆನಪಿನ ಪಟ್ಟಿಗಳಲ್ಲಿ ರಾಮಾಯಣವಿರುತ್ತದೆ, ಮಾಲ್ಗುಡಿ ಇರುತ್ತದೆ. ಅರಸಾಳು ನಿಲ್ದಾಣದಲ್ಲಿ ಮಾಲ್ಗುಡಿಗೆ ಮ್ಯೂಸಿಯಂ ಕೂಡ ಆಗಿದೆ, ಸಂತೋಷ. ಆದರೆ 1975ರಲ್ಲಿ ಕೋಳಿಬಲೆಯ ಆಂಟೆನಾದಡಿ ಕೂತು ಕನ್ನಡದ ಮೊದಲ ಟೀವಿ ನೋಡಿದ ಮಕ್ಕಳು ಆ ಪಟ್ಟಿಗಳಲ್ಲಿ ಕಾಣುವುದು ಅಪರೂಪ. ಅವರಿಗೆ ಈಗ ಅರವತ್ತರ ಆಸುಪಾಸು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದರ ಮೇಲೆ ಹೊಸದನ್ನು ಮುದ್ರಿಸುವುದು ಜಗತ್ತಿನ ಹಲವು ಟೀವಿ ಸಂಸ್ಥೆಗಳ ರೂಢಿಯಾಗಿತ್ತು. ಬಿಬಿಸಿ ಕೂಡ ತನ್ನ ಅರವತ್ತರ ದಶಕದ ಎಷ್ಟೋ ಕಂತುಗಳನ್ನು ಹಾಗೇ ಅಳಿಸಿಕೊಂಡಿತು. ಟೇಪು ಹೋದ ಕಡೆ ಉಳಿಯುವ ಸಾಕ್ಷಿ ನೋಡಿದವರ ನೆನಪೊಂದೇ.

ಆದ್ದರಿಂದ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಕೇಳುಗರಲ್ಲಿ ಒಂದು ಕೋರಿಕೆ. ಆ ವರ್ಷ ನಿಮ್ಮೂರಿನ ಶಾಲೆಯಲ್ಲಿ ಟೀವಿ ಇತ್ತೇ, ಅದರಲ್ಲಿ ಏನು ನೋಡಿದಿರಿ, ಯಾರು ಪಕ್ಕದಲ್ಲಿ ಕೂತಿದ್ದರು, ಉಪಗ್ರಹ ಹೋದ ಮೇಲೆ ಸಂಜೆ ಹೇಗೆ ಕಳೆದಿರಿ, ಬರೆದಿಡಿ. ಬರೆಯಲು ಬೇಸರವಾದರೆ ಮೊಮ್ಮಕ್ಕಳ ಮೊಬೈಲಿನಲ್ಲಿ ಹೇಳಿ ಮುದ್ರಿಸಿಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರು ಇದನ್ನು ಕೇಳುತ್ತಿದ್ದರೆ ವಿದ್ಯಾರ್ಥಿಗಳನ್ನು ಅಂಥ ಹಿರಿಯರ ಮನೆಗೆ ಕಳಿಸಿ. ಕರ್ನಾಟಕದ ಟೀವಿ ಚರಿತ್ರೆಯ ಮೊದಲ ಅಧ್ಯಾಯ ಬೆಂಗಳೂರಿನದಲ್ಲ. ಅದನ್ನು ಹೇಳಬಲ್ಲವರು ನೀವು.