ಹಲ್ಲು ಹೋದ ಮೇಲೆ ಬಂದ ಮೂಳೆಯ ಚೂರು



ನಾನು ದಂತವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಇಲ್ಲಿ ಕುಳಿತಿರುವ ಡಾಕ್ಟರುಗಳು ನನ್ನ ತಪ್ಪುಗಳನ್ನು ಊಟದ ಸಮಯದಲ್ಲಿ ತಿದ್ದಬೇಕಾಗಿ ವಿನಂತಿ. ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಬೇರೆಯವರಿಗೂ ಉಪಯೋಗವಾಗಲಿ ಎಂದು ಈ ನಾಲ್ಕು ಮಾತು.

ಒಂದು ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಬಂದರು. "ಅಮೆರಿಕದಲ್ಲಿ ಹಲ್ಲು ನೋವು ಬಂದರೆ ಮನೆ ಮಾರಬೇಕು" ಎಂದು ಯಾರೋ ಹೆದರಿಸಿದ್ದರಂತೆ. ಹೊರಡುವ ಮುಂಚೆಯೇ ಒಂದು ದವಡೆ ಹಲ್ಲು ಕೀಳಿಸಿಕೊಂಡು ವಿಮಾನ ಹತ್ತಿದ್ದರು. ಬಂದ ಹತ್ತು ದಿನಕ್ಕೆ ಚಪಾತಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದರು. ಕೇಳಿದರೆ, "ಏನಿಲ್ಲ ಕಣೋ, ವಯಸ್ಸಾಯಿತಲ್ಲ" ಎನ್ನುವರು. ಕೊನೆಗೆ ನನ್ನ ಹೆಂಡತಿ ಟಾರ್ಚ್ ಹಿಡಿದು ನೋಡಿದಾಗ ವಸಡಿನಲ್ಲಿ ಬೆಳ್ಳಗೆ, ಚೂಪಾಗಿ ಏನೋ ಕಂಡಿತು. ಹಲ್ಲಿನ ಚೂರು ಒಳಗೇ ಉಳಿದುಬಿಟ್ಟಿದೆ ಎಂದು ಅಮ್ಮ ಆಗಲೇ ತೀರ್ಮಾನಿಸಿದ್ದರು. "ನಿಮಗೆ ಡಾಲರ್ ಖರ್ಚು ಯಾಕೆ, ಊರಿಗೆ ಹೋದ ಮೇಲೆ ನೋಡಿಕೊಂಡರಾಯಿತು" ಎಂದು ಸುಮ್ಮನಿದ್ದರಂತೆ. ಊರಿಗೆ ಹೋಗುವುದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು!

ಬಲವಂತವಾಗಿ ಕರೆದುಕೊಂಡು ಹೋದೆವು. ಎಕ್ಸ್-ರೇ ತೆಗೆದ ದಂತವೈದ್ಯೆ, ಇದು ಹಲ್ಲಲ್ಲ, ಮೂಳೆಯ ಚೂರು ಎಂದರು. ಅಕ್ಕಿಕಾಳಿನಷ್ಟಿದ್ದ ಅದನ್ನು ಎರಡು ನಿಮಿಷದಲ್ಲಿ ತೆಗೆದೂ ಬಿಟ್ಟರು.

ಇದು ಹೇಗಾಗುತ್ತದೆ ಎಂದು ಅವರು ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಹಲ್ಲು ಕಿತ್ತ ಕುಳಿಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯಕ್ಕೆ ದೇವರು ಕೊಟ್ಟ ಬ್ಯಾಂಡೇಜು. ಒಂದು ವಾರದಲ್ಲಿ ಅದರ ಜಾಗದಲ್ಲಿ ಮೃದುವಾದ ಹೊಸ ಅಂಗಾಂಶ ಬೆಳೆಯುತ್ತದೆ. ಕೆಲವು ವಾರಗಳಲ್ಲಿ ವಸಡು ಮುಚ್ಚುತ್ತದೆ. ಒಳಗೆ ಮೂಳೆ ತುಂಬಿಕೊಂಡು ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ನಡುವೆ ಕುಳಿಯ ಅಂಚಿನಲ್ಲಿ ರಕ್ತ ಸಂಚಾರ ತಪ್ಪಿದ ಚಿಕ್ಕ ತುಣುಕುಗಳಿದ್ದರೆ ದೇಹ ಅವನ್ನು ಹೊರಗೆ ತಳ್ಳುತ್ತದೆ, ಕಾಲಿಗೆ ಚುಚ್ಚಿದ ಮುಳ್ಳನ್ನು ತಳ್ಳುವ ಹಾಗೆ. ಸಾಮಾನ್ಯವಾಗಿ ಇದಕ್ಕೆ ಗಾಬರಿ ಬೇಡ. ಎಷ್ಟೋ ಸಲ ತಾನಾಗಿಯೇ ಬಿದ್ದುಹೋಗುತ್ತದೆ. ಉಗುರು, ಪಿನ್ನು, ಕಡ್ಡಿ ಹಾಕಿ ಕೆದಕಬಾರದು ಅಷ್ಟೆ.

ಆದರೆ ಆ ದಂತವೈದ್ಯೆ ಇನ್ನೊಂದು ಪ್ರಶ್ನೆ ಕೇಳಿದರು: "ಮೂಳೆ ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆಯೇ?" ಹೌದು, ಅಮ್ಮ ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗುತ್ತಿದ್ದರು. ಹಲ್ಲು ಕೀಳಿಸುವಾಗ ಅದನ್ನು ಹೇಳಿರಲಿಲ್ಲ. "ಹಲ್ಲಿಗೂ ಅದಕ್ಕೂ ಏನು ಸಂಬಂಧ?" ಎಂದು ನನ್ನನ್ನೇ ಕೇಳಿದರು. ಸಂಬಂಧವಿದೆ. ಅಲೆಂಡ್ರೊನೇಟ್‌ನಂಥ ಔಷಧಗಳು ಮೂಳೆ ಕರಗದಂತೆ ತಡೆಯುತ್ತವೆ. ಹಳೆಯ ಮೂಳೆ ಕರಗದಿದ್ದರೆ ಕುಳಿಯಲ್ಲಿ ಹೊಸ ಮೂಳೆ ಕೂರುವುದು ಕಷ್ಟ. ಅಪರೂಪಕ್ಕೆ ದವಡೆಯ ಮೂಳೆ ಒಂದಿಷ್ಟು ಸತ್ತು ಹೊರಗೆ ಕಾಣತೊಡಗುತ್ತದೆ. 2003ರಿಂದ ವೈದ್ಯರು ಇದನ್ನು ಗುರುತಿಸಿ ಬರೆಯುತ್ತಿದ್ದಾರೆ. ಮಾತ್ರೆ ನುಂಗುವವರಿಗೆ ಅಪಾಯ ಕಡಿಮೆ. ಕ್ಯಾನ್ಸರ್‌ಗಾಗಿ ಇಂಥ ಔಷಧವನ್ನು ರಕ್ತನಾಳಕ್ಕೆ ಕೊಡಿಸಿಕೊಳ್ಳುವವರಿಗೆ ಹೆಚ್ಚು. ಹಾಗೆಂದು ಮಾತ್ರೆಯನ್ನು ನಾವೇ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಗೂ ಸಕ್ಕರೆ ಕಾಯಿಲೆಗೂ ಇದೇ ಮಾತು. ಅಮ್ಮನನ್ನು ಇನ್ನೆರಡು ಸಲ ಕರೆಸಿ ನೋಡಿದರು. ದೇವರ ದಯೆಯಿಂದ ವಸಡು ಕೂಡಿಕೊಂಡಿತು.

ದಯವಿಟ್ಟು ಇಷ್ಟನ್ನು ನೆನಪಿಡಿ. ಹಲ್ಲು ಕಿತ್ತ ಮೊದಲ ದಿನ ಜೋರಾಗಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು, ಸಿಗರೇಟಂತೂ ಬೇಡವೇ ಬೇಡ. ಹೆಪ್ಪು ಕಿತ್ತುಬಂದರೆ ಮೂಳೆ ಬರಿದಾಗಿ, ಮೂರನೆಯ ದಿನದ ಸುಮಾರಿಗೆ ಕಿವಿಯವರೆಗೆ ಸೆಳೆಯುವ ನೋವು ಬರಬಹುದು. ಅದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ. ಮರುದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರು ಸಾಕು. ಮೂರು ದಿನ ಕಳೆದರೂ ಊತ ಏರುತ್ತಿದ್ದರೆ, ಜ್ವರ, ಕೀವು ಬಂದರೆ, ತುಟಿ ಮರಗಟ್ಟಿದರೆ, ಮೂಳೆ ಕಾಣುತ್ತಲೇ ಇದ್ದರೆ ಕೂಡಲೇ ಫೋನ್ ಮಾಡಿ. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಎಮರ್ಜೆನ್ಸಿಗೇ ಹೋಗಿ.

ಖರ್ಚಿಗೆ ಹೆದರಿ ಸುಮ್ಮನಿರುವುದು ನಮ್ಮ ತಂದೆ-ತಾಯಿಯರ ಕಥೆ ಮಾತ್ರವಲ್ಲ. ವಾಷಿಂಗ್ಟನ್ ಪಕ್ಕದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಡಿಯಾಮಾಂಟೆ ಡ್ರೈವರ್ ಎಂಬ 12 ವರ್ಷದ ಹುಡುಗನಿದ್ದ. ಅವನ ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಏರಿ, 2007ರ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಹಲ್ಲು ಕೀಳಿಸಿದ್ದರೆ ಸುಮಾರು 80 ಡಾಲರ್ ಆಗುತ್ತಿತ್ತು ಎಂದು ಆಗ ಪತ್ರಿಕೆಗಳು ಬರೆದವು. ಎರಡು ಶಸ್ತ್ರಚಿಕಿತ್ಸೆ, ಆರು ವಾರಗಳ ಆಸ್ಪತ್ರೆ ವಾಸ ಸೇರಿ ಎರಡೂವರೆ ಲಕ್ಷ ಡಾಲರ್ ಮುಟ್ಟಿತ್ತು. ಬಡವರ ಮೆಡಿಕೈಡ್ ವಿಮೆ ಒಪ್ಪುವ ದಂತವೈದ್ಯರು ಸಿಗುವುದೇ ಆ ತಾಯಿಗೆ ಕಷ್ಟವಾಗಿತ್ತು. ಆ ಸಾವಿನ ನಂತರ ಮೇರಿಲ್ಯಾಂಡ್ ತನ್ನ ವ್ಯವಸ್ಥೆ ತಿದ್ದಿತು. 2009ರಲ್ಲಿ ದೇಶದ ಮಕ್ಕಳ ಆರೋಗ್ಯ ವಿಮೆಯ ಕಾಯಿದೆಯಲ್ಲೂ ದಂತ ಚಿಕಿತ್ಸೆ ಕಡ್ಡಾಯವಾಯಿತು. ಒಂದು ಮಗು ಹೋದ ಮೇಲೆ.

ದಾರಿಗಳು ಇಲ್ಲದಿಲ್ಲ. ದಂತವೈದ್ಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ, ಖರ್ಚು ಸಾಮಾನ್ಯವಾಗಿ ಕಡಿಮೆ. ವಾಷಿಂಗ್ಟನ್‌ನಲ್ಲಿ ಹೊವರ್ಡ್, ಬಾಲ್ಟಿಮೋರ್‌ನಲ್ಲಿ 1840ರಲ್ಲಿ ಆರಂಭವಾದ ಜಗತ್ತಿನ ಮೊದಲ ದಂತವೈದ್ಯ ಕಾಲೇಜು, ಚಾಪೆಲ್ ಹಿಲ್, ಚಾರ್ಲ್ಸ್‌ಟನ್, ಅಟ್ಲಾಂಟಾದವರಿಗೆ ಆಗಸ್ಟಾ. ವರ್ಜೀನಿಯಾದ ದಂತವೈದ್ಯರು 2000ದಲ್ಲಿ ವೈಸ್ ಎಂಬಲ್ಲಿ 'ಮಿಷನ್ ಆಫ್ ಮರ್ಸಿ' ಎಂಬ ಉಚಿತ ಶಿಬಿರ ಆರಂಭಿಸಿದರು. ಇಂಥ ಕಡೆ ಹೆಸರು ಬರೆದುಕೊಳ್ಳಲು, ಕುರ್ಚಿ ಹಾಕಲು, ಹೆದರಿದವರ ಕೈ ಹಿಡಿದು ಕೂರಲು ನಮ್ಮಂಥ ಇಂಜಿನಿಯರುಗಳೂ ಸಾಕು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಇಂದು ನಮ್ಮ ಕೈಯಲ್ಲಿ ಕಡಲೆ ಇದೆ. ಈ ಸಂಜೆ ಸೇರುವ ಹಣದಲ್ಲಿ ಒಂದು ಪಾಲು, ಇಲ್ಲಾಗಲಿ ನಮ್ಮ ಊರುಗಳಲ್ಲಾಗಲಿ, ಬಡ ಮಕ್ಕಳ ಹಲ್ಲಿನ ಚಿಕಿತ್ಸೆಗೆ ಹೋಗಲಿ ಎಂಬುದು ನನ್ನ ಪ್ರಾರ್ಥನೆ. ಮತ್ತೆ ಇಂದು ರಾತ್ರಿ ಮನೆಗೆ ಹೋದ ಮೇಲೆ, ಊರಿನಿಂದ ಬಂದಿರುವ ಅಪ್ಪ-ಅಮ್ಮನನ್ನು ಒಂದು ಮಾತು ಕೇಳಿ: "ಹಲ್ಲು ನೋಯುತ್ತಿದೆಯಾ? ಯಾವ್ಯಾವ ಮಾತ್ರೆ ತಗೋತಿದ್ದೀರಾ?" ಮೊದಲ ಸಲ ಅವರು "ಏನಿಲ್ಲ" ಎನ್ನುತ್ತಾರೆ. ಎರಡನೆಯ ಸಲವೂ ಕೇಳಿ.