ಕ್ಯಾಲೆಂಡರಿನ ಕೆಂಪು ಅಂಕಿ ಯಾರದು?



ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನು ತಾವೆಲ್ಲ ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಸಿಂಧನೂರಿನ ಗೊಬ್ಬರದ ಅಂಗಡಿಯವರು ಕೊಟ್ಟದ್ದಾಗಲಿ, ಲಿಂಗಸುಗೂರಿನ ಬಟ್ಟೆ ಅಂಗಡಿಯವರು ಕೊಟ್ಟದ್ದಾಗಲಿ, ಅದರಲ್ಲಿ ಕೆಲವು ಅಂಕಿಗಳು ಕೆಂಪಾಗಿರುತ್ತವೆ. ಯುಗಾದಿ ಕೆಂಪು, ಮೊಹರಂ ಕೆಂಪು, ಡಿಸೆಂಬರ್ 25 ಕೆಂಪು, ಭಾನುವಾರಗಳಂತೂ ಸಾಲಾಗಿ ಕೆಂಪು. ಹಬ್ಬದ ದಿನವನ್ನು ಕೆಂಪು ಶಾಯಿಯಲ್ಲಿ ಗುರುತಿಸುವ ಪದ್ಧತಿ ಯೂರೋಪಿನಲ್ಲಿ ಚರ್ಚಿನ ಪಂಚಾಂಗಗಳ ಮೂಲಕ ಬೇರೂರಿತು. ಸಂತರ ದಿನಗಳನ್ನು ಅಲ್ಲಿ ಹೀಗೆ ಬರೆಯುತ್ತಿದ್ದರು. ಇಂದು ಆ ಬಣ್ಣಕ್ಕೆ ಉಳಿದಿರುವುದು ಒಂದೇ ಅರ್ಥ. ಅಂದು ಕಚೇರಿ, ಶಾಲೆ, ಬ್ಯಾಂಕಿಗೆ ಬೀಗ.

ಡಿಸೆಂಬರ್ ಬಂತೆಂದರೆ ಈಚಿನ ವರ್ಷಗಳಲ್ಲಿ ಒಂದಲ್ಲ ಒಂದು ಊರಿನಲ್ಲಿ ತಕರಾರು ಏಳುತ್ತದೆ: ಶಾಲೆಯ ಮಕ್ಕಳಿಗೆ ಸಾಂತಾಕ್ಲಾಸನ ಕೆಂಪು ಟೋಪಿ ತೊಡಿಸಬಹುದೇ? ‘ಅದು ಅವರ ಹಬ್ಬ, ನಮಗೇಕೆ’ ಎನ್ನುವವರು ಒಂದು ಕಡೆ. ‘ಭಕ್ತಿಯಿಲ್ಲದೆ ಬರೀ ಕೇಕು ತಿನ್ನುವುದು ಹಬ್ಬಕ್ಕೆ ಅಪಚಾರ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಜಗಳವಾಡುತ್ತಿರುವಂತೆ ಕಂಡರೂ ಇಬ್ಬರ ನಂಬಿಕೆಯೂ ಒಂದೇ. ಹಬ್ಬಕ್ಕೆ ಒಬ್ಬನೇ ಯಜಮಾನ ಎಂಬುದು. ಇತಿಹಾಸವನ್ನು ನೋಡಿದರೆ ಈ ಯಜಮಾನಿಕೆ ಅಷ್ಟು ಸುಲಭವಾಗಿ ಸಾಬೀತಾಗುವುದಿಲ್ಲ.

ಮೊದಲು ಇಸವಿಯ ಲೆಕ್ಕವನ್ನೇ ನೋಡಬಹುದು. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿತು. ಬಿರುದು ಯಾರದೆಂಬ ಚರ್ಚೆಗೆ ಅಲ್ಲಿಗೆ ತೆರೆ ಬಿತ್ತು. ಆ ಶಾಸನದ ಕಾಲ ಯಾವುದೆಂದು ಇಲ್ಲಿನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘ಕ್ರಿ.ಪೂ. 3ನೇ ಶತಮಾನ’ ಎನ್ನುತ್ತಾನೆ. ಕ್ರಿಸ್ತ ಹುಟ್ಟುವ ಎರಡು ಶತಮಾನಕ್ಕೂ ಹಿಂದೆ ಆಳಿದ ಬೌದ್ಧ ಚಕ್ರವರ್ತಿಗೂ ಕ್ರಿಸ್ತನ ಹೆಸರಿನ ಲೆಕ್ಕವೇ ಆಗಬೇಕು! ಈ ಲೆಕ್ಕವನ್ನು ಹೂಡಿದವನು 525ರಲ್ಲಿ ರೋಮಿನಲ್ಲಿದ್ದ ಡಯೊನೀಸಿಯಸ್ ಎಂಬ ಸನ್ಯಾಸಿ. ಅವನ ಎಣಿಕೆಯಲ್ಲಿ ಕೊಂಚ ತಪ್ಪಿತ್ತು. ಯೇಸು ಹುಟ್ಟಿದಾಗ ಆಳುತ್ತಿದ್ದನೆಂದು ಬೈಬಲ್ ಹೇಳುವ ಹೆರೋದ ರಾಜ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಕ್ರಿಸ್ತ ಹುಟ್ಟಿದ್ದೇ ಕ್ರಿಸ್ತಪೂರ್ವದಲ್ಲಿ ಎಂದಾಯಿತು. ಅಷ್ಟಾದರೂ ಲೆಕ್ಕ ನಡೆದುಕೊಂಡು ಬಂದಿದೆ. ನಾಸ್ತಿಕನೂ ‘ಕ್ರಿ.ಶ.’ ಎಂದು ಬರೆಯುತ್ತಾನೆ. ಬರೆದ ಮಾತ್ರಕ್ಕೆ ಯಾರ ಧರ್ಮವೂ ಬದಲಾಗಿಲ್ಲ.

ಕ್ರಿಸ್‌ಮಸ್ಸಿನ ತಾರೀಖಿನ ಕತೆಯೂ ಇಂಥದೇ. ಯೇಸು ಹುಟ್ಟಿದ ದಿನ ಯಾವುದೆಂದು ಬೈಬಲಿನಲ್ಲಿ ಇಲ್ಲ. ರೋಮಿನಲ್ಲಿ ಡಿಸೆಂಬರ್ 25ನ್ನು ಅವನ ಜನ್ಮದಿನವಾಗಿ ಗುರುತಿಸಿದ ಮೊದಲ ಸ್ಪಷ್ಟ ದಾಖಲೆ 354ರ ಒಂದು ಪಂಚಾಂಗದಲ್ಲಿ ಸಿಗುತ್ತದೆ. ಅದೇ ಪಂಚಾಂಗ ಅದೇ ದಿನವನ್ನು ‘ಅಜೇಯ’ನ ಜನ್ಮದಿನವೆಂದೂ ಹೇಳುತ್ತದೆ. ಅಜೇಯನೆಂದರೆ ಸೂರ್ಯದೇವ, ಅವನ ಪೂಜೆಗೆ 274ರಲ್ಲಿ ರಾಜಮನ್ನಣೆ ಕೊಟ್ಟವನು ಆರೇಲಿಯನ್ ಚಕ್ರವರ್ತಿ. ಸೂರ್ಯನ ಹಬ್ಬವನ್ನೇ ಚರ್ಚು ತನ್ನದಾಗಿಸಿಕೊಂಡಿತು ಎಂದು ಕೆಲವು ವಿದ್ವಾಂಸರು ಹೇಳಿದರೆ, ಮಾರ್ಚ್ 25ಕ್ಕೆ ಮರಿಯಳು ಗರ್ಭ ಧರಿಸಿದಳೆಂಬ ನಂಬಿಕೆಗೆ ಒಂಬತ್ತು ತಿಂಗಳು ಕೂಡಿಸಿ ಈ ದಿನ ಬಂತೆಂದು ಇನ್ನು ಕೆಲವರು ವಾದಿಸುತ್ತಾರೆ. ಯಾವುದೇ ಇರಲಿ, ಹಗಲು ಅತಿ ಚಿಕ್ಕದಾಗಿ ಮತ್ತೆ ಬೆಳೆಯತೊಡಗುವ ಹೊತ್ತು ಅದು. ಈ ಸೀಮೆಯಲ್ಲಿ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಎಳ್ಳ ಅಮವಾಸ್ಯೆ ಬರುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಬನ್ನಿ ಗಿಡದ ನೆರಳಲ್ಲಿ ಎಲ್ಲರೂ ಕೂತು ಉಣ್ಣುವ ಹಬ್ಬ. ರೋಮಿಗೂ ರಾಯಚೂರಿಗೂ ನಂಟು ಹುಡುಕಬೇಕಿಲ್ಲ. ಚಳಿಗಾಲದ ನಡುವೆ ಮನುಷ್ಯ ಒಂದು ದಿನ ಕೆಲಸ ಬಿಟ್ಟು ಒಟ್ಟಿಗೆ ಉಣ್ಣಲು ನೆಪ ಹುಡುಕಿಕೊಂಡ, ಅಷ್ಟೆ.

ಕ್ರೈಸ್ತರೆಲ್ಲ ಈ ಹಬ್ಬವನ್ನು ಒಪ್ಪಿದ್ದರೆಂದು ತಿಳಿದರೆ ಅದೂ ಸರಿಯಲ್ಲ. ‘ಬೈಬಲಿನಲ್ಲಿ ಇಲ್ಲದ್ದು, ಕುಡಿತ ಕುಣಿತಕ್ಕೆ ದಾರಿ’ ಎಂದು ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ಸನ್ನೇ ರದ್ದು ಮಾಡಿತ್ತು. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಹಬ್ಬ ಆಚರಿಸಿದವರಿಗೆ ಐದು ಶಿಲಿಂಗ್ ದಂಡ. ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಸಾರ್ವಜನಿಕ ರಜೆ ದೊರೆತದ್ದು 1958ರಲ್ಲಿ. ಆ ಪ್ಯೂರಿಟನ್ನರಿಗೂ ಇಂದು ಕೆಂಪು ಟೋಪಿ ಕಿತ್ತುಕೊಳ್ಳುವವರಿಗೂ ದೇವರು ಬೇರೆ. ಸಿಟ್ಟು ಮಾತ್ರ ಒಂದೇ ಬಗೆಯದು.

ಇನ್ನು ಸಾಂತಾಕ್ಲಾಸ್. ಮೂಲದಲ್ಲಿ ಅವನು ಈಗಿನ ಟರ್ಕಿಯಲ್ಲಿರುವ ಮೈರಾ ಊರಿನ ಬಿಷಪ್ ನಿಕೊಲಾಸ್. ಡಚ್ಚರ ಬಾಯಲ್ಲಿ ಸಿಂಟರ್‌ಕ್ಲಾಸ್ ಆಗಿ ನ್ಯೂಯಾರ್ಕಿಗೆ ಹೋದ. ಅಲ್ಲಿ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ 1863ರಿಂದ ಮುಂದಕ್ಕೆ ಅವನಿಗೆ ಡೊಳ್ಳು ಹೊಟ್ಟೆ, ಬಿಳಿ ಗಡ್ಡ ಬರೆದ. 1931ರಲ್ಲಿ ಕೊಕಾ-ಕೋಲಾ ಕಂಪನಿ ಜಾಹೀರಾತಿಗೆ ಎಳೆದು ತಂದಿತು. ಆ ಕೆಂಪು ಅಂಗಿಯೂ ಕಂಪನಿಯದೇ ಎಂಬ ಮಾತು ಚಾಲ್ತಿಯಲ್ಲಿದೆ. ಅದಕ್ಕೂ ಮೊದಲೇ ಅವನು ಕೆಂಪು ತೊಟ್ಟಿದ್ದ. ಈ ಮುದುಕ ಮತಾಂತರ ಮಾಡಿಸುತ್ತಾನೆಂಬ ಭಯಕ್ಕಿಂತ ಸಾಮಾನು ಕೊಳ್ಳುವಂತೆ ಮಾಡುತ್ತಾನೆಂಬ ಭಯ ಹೆಚ್ಚು ಸಮಂಜಸ.

ಹಾಗೆಂದು ಹುಟ್ಟಿನ ಜಾಡು ಹಿಡಿದು ಹೋಗಿ ಯಾರ ಭಕ್ತಿಯನ್ನೂ ಹಗುರ ಮಾಡಬೇಕಾಗಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಗೋವೆಯಿಂದ ಬಂದ ಯೇಸುಸಭೆಯ ಪಾದ್ರಿಗಳು ನೆಲೆಗೊಳಿಸಿದ ಕ್ರೈಸ್ತ ಸಮುದಾಯವೊಂದಿದೆ. ಅದರ ಚರಿತ್ರೆ ಬಿಜಾಪುರದ ಆದಿಲ್‌ಶಾಹಿಗಳ ಕಾಲಕ್ಕೆ ಹೋಗುತ್ತದೆ. ಇಂಗ್ಲಿಷರು ಈ ದೇಶ ಆಳುವ ಮೊದಲೇ, ಮುಸ್ಲಿಂ ಸುಲ್ತಾನರ ಕೋಟೆಯ ಊರಿನಲ್ಲಿ ಕ್ರಿಸ್‌ಮಸ್ ನಡೆಯುತ್ತಿತ್ತು. ಆ ಮನೆಗಳಿಗೆ ಡಿಸೆಂಬರ್ 25 ಪರದೇಶದ ಫ್ಯಾಷನ್ ಅಲ್ಲ. ತಾತ ಮುತ್ತಾತರ ಹಬ್ಬ.

ಅದೇ ಮುದಗಲ್ಲು ಮೊಹರಂಗೆ ಹೆಸರಾದದ್ದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. 680ರಲ್ಲಿ ಕರ್ಬಲದ ಮೈದಾನದಲ್ಲಿ ಹುತಾತ್ಮರಾದ ಹುಸೇನರ ಶೋಕಾಚರಣೆ ಅದು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ದೇವರಿಗೆ ಸಕ್ಕರೆ ಓದಿಸುವವರಲ್ಲಿ, ಹರಕೆ ಹೊತ್ತು ಫಕೀರರಾಗುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮೊಹರಂ ಪದಗಳನ್ನು ಹಾಡುವುದು ಕನ್ನಡದಲ್ಲಿ. ನಿನ್ನ ನಂಬಿಕೆ ಏನೆಂದು ಕುಣಿಯ ಬಳಿ ನಿಂತು ಯಾರೂ ಕೇಳುವುದಿಲ್ಲ. ಕೇಕಿನ ತುಂಡಿನ ಬಗ್ಗೆ ಅನುಮಾನಪಡುವವರು ಈ ಸೀಮೆಯವರೇ ಆಗಿದ್ದರೆ, ಅವರ ಅಜ್ಜ ಅಲಾಯಿ ದೇವರ ಮುಂದೆ ಹೆಜ್ಜೆ ಹಾಕಿದ್ದನೇ ಎಂದು ಮನೆಯಲ್ಲಿ ವಿಚಾರಿಸಿ ಬರುವುದು ಒಳ್ಳೆಯದು.

ಈಸ್ಟರ್ ಹಬ್ಬದ ಬಗ್ಗೆ ಒಂದೇ ಮಾತು ಸಾಕು. ಅದು ಯುಗಾದಿಯಂತೆ ಚಂದ್ರನನ್ನು ನೋಡಿ ನಡೆಯುವ ಹಬ್ಬ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್, ಅದರ ಹಿಂದಿನ ಶುಕ್ರವಾರ ಗುಡ್ ಫ್ರೈಡೇ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಇದರ ತಾರೀಖು ವರ್ಷ ವರ್ಷ ಓಡಾಡುವುದು ಇದಕ್ಕಾಗಿಯೇ.

ಎಲ್ಲಕ್ಕಿಂತ ದೊಡ್ಡ ‘ಕ್ರೈಸ್ತ ಹಬ್ಬ’ವನ್ನು ಮಾತ್ರ ಯಾರೂ ಹಬ್ಬವೆಂದು ಗುರುತಿಸುವುದಿಲ್ಲ. ಅದು ಭಾನುವಾರ. ವರ್ಷಕ್ಕೆ 52 ಸಲ ಬರುತ್ತದೆ. ಏಳನೆಯ ದಿನ ಕೆಲಸ ನಿಲ್ಲಿಸಬೇಕೆಂಬ ಕಟ್ಟಳೆ ಮೊದಲಿಗೆ ಯೆಹೂದಿಗಳದು. ಅವರ ದಿನ ಶನಿವಾರ. ಮನೆಯ ಆಳಿಗೂ ಎತ್ತು ಕತ್ತೆಗಳಿಗೂ ಅಂದು ವಿಶ್ರಾಂತಿ ಇರಬೇಕೆಂದು ಆ ಕಟ್ಟಳೆ ಸ್ಪಷ್ಟವಾಗಿ ಹೇಳುತ್ತದೆ. ಕ್ರೈಸ್ತರು ಯೇಸು ಪುನರುತ್ಥಾನವಾದ ದಿನವೆಂದು ಭಾನುವಾರ ಸೇರತೊಡಗಿದರು. ಅದನ್ನು ಸರ್ಕಾರಿ ರಜೆ ಮಾಡಿದವನು ರೋಮಿನ ಕಾನ್‌ಸ್ಟಾಂಟೈನ್ ಚಕ್ರವರ್ತಿ, 321ರಲ್ಲಿ. ಅವನ ಆಜ್ಞೆಯಲ್ಲಿ ಕ್ರಿಸ್ತನ ಹೆಸರಿಲ್ಲ, ‘ಸೂರ್ಯನ ದಿನ’ ಎಂದಷ್ಟೇ ಇದೆ. ನ್ಯಾಯಾಧೀಶರು, ಪಟ್ಟಣದ ಜನ, ಕಸುಬುದಾರರು ಅಂದು ಕೆಲಸ ನಿಲ್ಲಿಸಬೇಕು. ಹೊಲದ ಕೆಲಸಕ್ಕೆ ಮಾತ್ರ ಈ ಕಟ್ಟು ಇಲ್ಲ. ಬಿತ್ತನೆಯ ಹದ ತಪ್ಪೀತು ಎಂಬುದು ಕಾರಣ.

ರಾಯಚೂರು ಸೀಮೆಗೆ ಭಾನುವಾರ ಬಂದದ್ದು ತಡವಾಗಿ. ನಿಜಾಮರ ಆಳ್ವಿಕೆಯಲ್ಲಿ ವಾರದ ರಜೆ ಶುಕ್ರವಾರ. ಕಾಗದಪತ್ರಗಳಲ್ಲಿ ಫಸಲಿ ಸನ್. ಹಳೆಯ ಪಹಣಿ ಪತ್ರ ಇಟ್ಟುಕೊಂಡವರು ಅದಕ್ಕೆ 590 ಕೂಡಿಸಿ ಇಸವಿ ತಿಳಿಯುತ್ತಾರೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ರಜೆ ಭಾನುವಾರಕ್ಕೆ ಸರಿಯಿತು. ಶುಕ್ರವಾರ ಹೋಗಿ ಭಾನುವಾರ ಬಂತೆಂದು ಜನ ಕ್ರೈಸ್ತರಾಗಲಿಲ್ಲ. ಅದಕ್ಕೂ ಮುಂಚೆ ಶುಕ್ರವಾರದಿಂದ ಮುಸ್ಲಿಮರೂ ಆಗಿರಲಿಲ್ಲ.

ಭಾರತದ ಕೂಲಿಕಾರನಿಗೆ ಭಾನುವಾರ ಯಾವ ಪಾದ್ರಿಯ ಕೃಪೆಯಿಂದಲೂ ಸಿಗಲಿಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಬೇಡಿಕೆ ಇಟ್ಟು, 1890ರ ಜೂನ್‌ನಲ್ಲಿ ಮಾಲೀಕರಿಂದ ಒಪ್ಪಿಗೆ ಪಡೆದರು. ಕೆಲಸಗಾರರ ದೇವರು ಖಂಡೋಬನ ದಿನವೂ ಭಾನುವಾರವೇ ಎಂಬುದು ಅವರ ವಾದಗಳಲ್ಲೊಂದು. ಖಂಡೋಬನೆಂದರೆ ಈ ಕಡೆಯ ಮೈಲಾರಲಿಂಗ. ಇಂಗ್ಲಿಷರ ಚರ್ಚಿನ ದಿನವನ್ನು ಲೋಖಂಡೆ ಮೈಲಾರನ ಹೆಸರಿನಲ್ಲಿ ಕೇಳಿ, ಗಿರಣಿ ಕೆಲಸಗಾರರ ಕೈಗೆ ಕೊಟ್ಟರು. ಮತಾತೀತ ದೃಷ್ಟಿಯಿಂದ ಹಬ್ಬವನ್ನು ನೋಡುವುದು ಹೇಗೆಂದು ತಿಳಿಯಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾಗಿಲ್ಲ. ಮುಂದೆ 1948ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಕಾರ್ಖಾನೆಗಳಿಗೆಲ್ಲ ಕಡ್ಡಾಯ ಮಾಡಿತು.

ಹೊಲದ ಕೆಲಸಕ್ಕೆ ಮಾತ್ರ ಇಂದಿಗೂ ಕಾನ್‌ಸ್ಟಾಂಟೈನನ ಮಾತೇ ನಡೆಯುತ್ತಿದೆ. ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ ಎಂಬ ನೇಮವೊಂದಿತ್ತು. ಬಸವಣ್ಣನ ವಾರ, ನೊಗ ಕೆಳಗೆ. ಎತ್ತಿನ ಹೆಸರಿನಲ್ಲಿ ಗಳೆ ಹೊಡೆಯುವವನಿಗೂ ವಾರಕ್ಕೊಂದು ದಿನ ಉಸಿರಾಡಲು ಸಿಗುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ಬಂತು, ಸಿಂಧನೂರಿನ ಸುತ್ತ ಜೋಳದ ಹೊಲ ಭತ್ತದ ಗದ್ದೆಯಾಯಿತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಸೋಮವಾರದ ನೇಮ ಹೇಳಿದವರಿಲ್ಲ.

ಎರಡನೆಯ ಬೆಳೆಗೆ ಕಾಲುವೆಯಲ್ಲಿ ನೀರು ಬಿಟ್ಟ ವರ್ಷಗಳಲ್ಲಿ ಸಸಿ ಮಡಿ, ನಾಟಿಯ ಕೆಲಸ ಡಿಸೆಂಬರ್-ಜನವರಿಯಲ್ಲೇ ಬೀಳುತ್ತದೆ. ಸಿಂಧನೂರು, ಮಸ್ಕಿ ಪೇಟೆಯ ಬೇಕರಿಗಳಲ್ಲಿ ಕೇಕು ಜೋಡಿಸುವ ದಿನಗಳೂ ಅವೇ. ನಾಟಿ ಎಕರೆ ಲೆಕ್ಕದ ಗುತ್ತಿಗೆ. ಎಷ್ಟು ನಟ್ಟರೆ ಅಷ್ಟು ಕೂಲಿ. ಡಿಸೆಂಬರ್ 25 ಯಾವ ವಾರ ಬಂದರೂ, ಅದರ ಹಿಂದೆ ಮುಂದೆ ಬರುವ ಭಾನುವಾರವಾದರೂ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಆಟೋ ಹತ್ತುವ ಹೆಣ್ಣಾಳುಗಳ ಲೆಕ್ಕದ ಚೀಟಿಯಲ್ಲಿ ಕೆಂಪು ಅಂಕಿ ಇರುವುದಿಲ್ಲ.