ಪ್ರೊಪೆಲ್ಲರ್ ಶಾಫ್ಟನ್ನು ಮರಳಿ ಜೋಡಿಸುವ ಬಗೆ

(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಗಾಡಿ ಓಡಿಸುವವರಿದ್ದಾರೆ, ಗ್ಯಾರೇಜಿನಲ್ಲಿ ದುಡಿಯುವವರಿದ್ದಾರೆ, ಕಚೇರಿಯ ಗುಮಾಸ್ತರೂ ಇದ್ದಾರೆ. ಗುಮಾಸ್ತರಿಗೆ ಈ ವಿಷಯವೇಕೆ ಎನ್ನಬಹುದು. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವವರು ನಮ್ಮವರು. ಅದರಲ್ಲಿ ಕುಳಿತು ಹೋಗುವವರೂ ನಾವೇ. ಆದುದರಿಂದ ವಿಷಯ ಎಲ್ಲರದೂ ಹೌದು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿ 2023ರಲ್ಲಿ ರಸ್ತೆ ಬಿಟ್ಟಿತು. ಎರಡರಲ್ಲಿಯೂ ಎಂಜಿನ್ ಮುಂದೆ, ಗಾಡಿಯನ್ನು ದೂಡುವುದು ಹಿಂದಿನ ಚಕ್ರ. ಇವುಗಳ ನಡುವೆ ಬಲವನ್ನು ಸಾಗಿಸುವ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳೇ ಎಳೆಯುವುದರಿಂದ ಇದು ಇರುವುದಿಲ್ಲ. ಬೊಲೆರೊ, ಟಾಟಾ ಏಸ್, ಲಾರಿಗಳಲ್ಲಿ ಈಗಲೂ ಉಂಟು.

ಹಿಂದಿನ ಅಚ್ಚು ರಸ್ತೆಯ ಹಳ್ಳದಿಣ್ಣೆಗೆ ತಕ್ಕಂತೆ ಏರಿಳಿಯುತ್ತದೆ. ಅದಕ್ಕಾಗಿಯೇ ಶಾಫ್ಟಿನ ಎರಡು ತುದಿಗಳಲ್ಲಿ ಬಾಗಲು ಒಂದೊಂದು ಕ್ರಾಸ್, ಉದ್ದ ಹೆಚ್ಚುಕಡಿಮೆಯಾಗಲು ಒಂದು ಜಾರುವ ಕೀಲು. ಆದರೆ ಓರೆಯಾಗಿ ತಿರುಗುವ ಕ್ರಾಸಿಗೆ ಒಂದು ಗುಣವಿದೆ: ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿ, ಎರಡು ಬಾರಿ ತಗ್ಗುತ್ತದೆ. ಮೊದಲ ಕ್ರಾಸ್ ಮಾಡಿದ ಈ ಏರುಪೇರನ್ನು ಎರಡನೆಯದು ಸರಿಪಡಿಸಬೇಕು. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರದಲ್ಲಿದ್ದರೆ ಮಾತ್ರ ಅದು ಸಾಧ್ಯ. ಜಾರುವ ಕೀಲನ್ನು ಒಂದು ಹಲ್ಲು ಆಚೀಚೆ ಕೂರಿಸಿದರೂ ಗಾಡಿ ನಡುಗುತ್ತದೆ.

ಆದಕಾರಣ ಮರಳಿ ಜೋಡಿಸುವ ಕೆಲಸ ಆರಂಭವಾಗುವುದು ಬಿಚ್ಚುವಾಗಲೇ. ಕೀಲಿನ ಎರಡು ಭಾಗಕ್ಕೂ, ಫ್ಲೇಂಜಿಗೂ ಅದರ ಜೊತೆಗೂ ಬಣ್ಣದಿಂದ ಗುರುತು ಹಾಕಬೇಕು. ಕೊಳವೆಗೆ ಬೆಸೆದಿರುವ ಸಣ್ಣ ತಗಡಿನ ತುಂಡುಗಳನ್ನು ಕಸವೆಂದು ಕೀಳಬಾರದು; ತೂಕ ಸಮವಾಗಲೆಂದೇ ಅವನ್ನು ಹಚ್ಚಿರುತ್ತಾರೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿಟ್ಟರೂ ಗಾಡಿ ನಿಲ್ಲುವುದಿಲ್ಲ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಸಮತಟ್ಟಾದ ನೆಲ ಬೇಕು, ಚಕ್ರಗಳಿಗೆ ಕಟ್ಟೆ ಕೊಡಬೇಕು, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಯಾರೂ ಕೆಳಗೆ ನುಸುಳಬಾರದು. ಧಣಿ ಅವಸರ ಮಾಡಿದರೂ ಇಲ್ಲಿ ಮಣಿಯಬಾರದು.

ಹೊಸ ಕ್ರಾಸ್ ಹಾಕುವಾಗ ಬಟ್ಟಲಿನೊಳಗಿನ ಸೂಜಿಗಳನ್ನು ಗ್ರೀಸಿನಲ್ಲಿ ನಿಲ್ಲಿಸಿರಿ. ಒಂದು ಸೂಜಿ ಅಡ್ಡ ಬಿದ್ದರೂ ಬಟ್ಟಲು ಪೂರ್ತಿ ಕೂರುವುದಿಲ್ಲ, ಸರ್ಕ್ಲಿಪ್ ಹತ್ತುವುದಿಲ್ಲ. ಆಗ ಸುತ್ತಿಗೆಯಿಂದ ಬಡಿಯದೆ, ಬಿಚ್ಚಿ ನೋಡಿರಿ. ಕೂರಿಸಿದ ತರುವಾಯ ಕ್ರಾಸ್ ಎರಡು ಕಡೆಗೂ ಹಿಡಿತವಿಲ್ಲದೆ ತಿರುಗಬೇಕು, ಆದರೆ ಅಲುಗಾಡಬಾರದು.

ಮುಂದಿನ ತುದಿ ಗೇರ್‌ಬಾಕ್ಸಿನೊಳಗೆ ಜಾರುವ ಬಗೆಯದಾದರೆ, ಆಯಿಲ್ ಸೀಲಿಗೆ ಗೀರು ಬೀಳದಂತೆ ನೇರವಾಗಿ, ಮೆಲ್ಲನೆ ತೂರಿಸಬೇಕು. ಶಾಫ್ಟನ್ನು ಒಂದೇ ತುದಿಯಲ್ಲಿ ಜೋತುಬಿಡಬಾರದು. ಹಿಂದಿನ ಫ್ಲೇಂಜಿನ ಮುಖಗಳಿಂದ ತುಕ್ಕು, ಕೊಳೆ ಒರೆಸಿ, ಗುರುತಿಗೆ ಗುರುತು ಹೊಂದಿಸಿ, ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ಹತ್ತಿಸಿರಿ. ಬಳಿಕ ಎದುರುಬದುರಾಗಿ ಬಿಗಿಯುತ್ತ ಬನ್ನಿರಿ. ಕೊನೆಯ ಬಿಗಿತಕ್ಕೆ ತಯಾರಕರು ಹೇಳಿದ ಅಳತೆಯೇ ಪ್ರಮಾಣ. ಟಾರ್ಕ್ ಪಾನಾ ಹಿಡಿಯಿರಿ. ಹಳೆಯ ಲಾಕ್ ನಟ್ಟಿಗೆ ಹೊಸದನ್ನು ಹಾಕಿರಿ. ಅಂಗಡಿಯಲ್ಲಿ ಸಿಕ್ಕ ಯಾವುದೋ ಬೋಲ್ಟು ಬೇಡ. ಗೇರ್‌ಬಾಕ್ಸಿನಿಂದ ಎಣ್ಣೆ ಸೋರಿದ್ದರೆ ತುಂಬಿರಿ, ಗ್ರೀಸ್ ನಿಪ್ಪಲ್ ಇದ್ದಲ್ಲಿ ಗ್ರೀಸ್ ಒತ್ತಿರಿ.

ತರುವಾಯ ನಿಧಾನವಾಗಿ ಓಡಿಸಿ ನೋಡಬೇಕು. ಗೇರ್ ಹಾಕಿ ಹೊರಟಾಗ ಟಕ್ಕೆಂದರೆ ಕ್ರಾಸಿನಲ್ಲೋ ಬೋಲ್ಟಿನಲ್ಲೋ ಸಡಿಲವಿದೆಯೇ ನೋಡಿರಿ. ವೇಗ ಹೆಚ್ಚಿದಂತೆ ನಡುಕ ಹೆಚ್ಚಿದರೆ ಗುರುತು, ತೂಕಗಳನ್ನು ಪರೀಕ್ಷಿಸಿರಿ. ಮರಳಿ ಬಂದು ಬೋಲ್ಟುಗಳನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಓಡುವ ಗಾಡಿಯಲ್ಲಿ ಶಾಫ್ಟಿನ ಮುಂದಿನ ತುದಿ ಕಳಚಿದರೆ ಅದು ನೆಲಕ್ಕೆ ಚುಚ್ಚಿ ಗಾಡಿಯನ್ನೇ ಎತ್ತಿಹಾಕಬಹುದು. ಊರು ಬಿಟ್ಟು ಬಂದು ದುಡಿಯುವ ನಮಗೆ ಕೈಕಾಲೇ ಆಸ್ತಿ. ಕೆಳಗೆ ಮಲಗಿದವರ ಪ್ರಾಣ, ಮೇಲೆ ಕುಳಿತವರ ಪ್ರಾಣ, ಎರಡೂ ಆ ಕೆಲವು ಬೋಲ್ಟುಗಳ ಮೇಲಿವೆ. ಇನ್ನು ಮುಂದೆ ಗಾಡಿ ರಿಪೇರಿಗೆ ಅರ್ಧ ಗಂಟೆ ಹೆಚ್ಚು ಹಿಡಿದರೆ ಗುಮಾಸ್ತ ಬಂಧುಗಳು ಬೇಸರಿಸಬಾರದೆಂದು ಕೋರಿ, ಈ ಮಾತುಗಳನ್ನು ಮುಗಿಸುತ್ತೇವೆ.